ಕುಕ್ಕುವಾಡದಲ್ಲಿ ಮೈಕಿನಲ್ಲಿ ಹೇಳಿದ್ದು

ವಾಮದೇವಪ್ಪನವರು ಇಪ್ಪತ್ತೆಂಟು ವರ್ಷ ಸರ್ಕಾರದ ಪ್ರಚಾರ ವ್ಯಾನಿನಲ್ಲಿ ಊರೂರು ತಿರುಗಿ ಸಿನಿಮಾ ತೋರಿಸಿದವರು. ಟಾಕೀಸಿನ ಮೂರು ಗಂಟೆಯ ಸಿನಿಮಾ ಅಲ್ಲ. ಹತ್ತು ನಿಮಿಷದ್ದು, ಹದಿನೈದು ನಿಮಿಷದ್ದು. ಲಸಿಕೆ ಹಾಕಿಸಿ ಅನ್ನುವುದೊಂದು, ಭತ್ತವನ್ನು ಸಾಲು ಹಿಡಿದು ನಾಟಿ ಮಾಡಿ ಅನ್ನುವುದೊಂದು, ಜೇನು ಸಾಕುವುದು ಹೇಗೆ ಅನ್ನುವುದೊಂದು. ಜನ ಆಕಳಿಸತೊಡಗಿದರೆ ಹಾಕಲು ಎರಡು ಮೂರು ಹಾಸ್ಯದ ರೀಲುಗಳೂ ಇರುತ್ತಿದ್ದವು. ಏಣಿಯಿಂದ ಬೀಳುವ ದಪ್ಪ ಮನುಷ್ಯ, ಹಿಟ್ಟಿನ ಮೂಟೆಯಲ್ಲಿ ಮುಳುಗುವ ಪೊಲೀಸಪ್ಪ. ಊರಿನ ಬಯಲಲ್ಲಿ ಎರಡು ಗಳ ನೆಟ್ಟು ಬಿಳಿ ಪರದೆ ಕಟ್ಟಿದರೆ ಅರ್ಧ ಊರು ಮುಂದೆ ಕೂರುತ್ತಿತ್ತು, ಜಾಗ ಸಿಗದ ಅರ್ಧ ಊರು ಪರದೆಯ ಹಿಂದೆ. ಹಿಂದೆ ಕೂತವರ ಪಾಲಿಗೆ ಸಿನಿಮಾದವರೆಲ್ಲ ಎಡಗೈಯಲ್ಲೇ ಉಣ್ಣುತ್ತಿದ್ದರು, ಎಡಗೈಯಲ್ಲೇ ಬರೆಯುತ್ತಿದ್ದರು. ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ.

ರೀಲುಗಳಲ್ಲಿ ಮಾತು ಬಹುಪಾಲು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತಿತ್ತು. ಯಂತ್ರದ ದನಿ ತಗ್ಗಿಸಿ, ಮೈಕು ಹಿಡಿದು, ಅದನ್ನು ಕನ್ನಡದಲ್ಲಿ ಹೇಳುವುದು ವಾಮದೇವಪ್ಪನವರ ಕೆಲಸ. ಅವರ ಇಂಗ್ಲಿಷು ಎಸ್ಸೆಸ್ಸೆಲ್ಸಿಯಷ್ಟು, ಹಿಂದಿ ಅದಕ್ಕಿಂತ ಕಡಿಮೆ. ಮೊದಮೊದಲು ಗೊತ್ತಾದಷ್ಟನ್ನು ಹೇಳಿ ಸುಮ್ಮನಾಗುತ್ತಿದ್ದರು. ಸುಮ್ಮನಾದಾಗಲೆಲ್ಲ ಜನ ಎದ್ದು ಹೋಗುವುದನ್ನು ಕಂಡು, ಗೊತ್ತಾಗದ ಕಡೆ ತಾವೇ ಒಂದಿಷ್ಟು ಸೇರಿಸತೊಡಗಿದರು. ಜೇನು ಸಾಕುವ ವಿದೇಶಿ ರೈತನಿಗೆ ಮಲೆಬೆನ್ನೂರಿನ ಕಡೆಯ ಹೆಸರಿಟ್ಟರು. ಏಣಿಯಿಂದ ಬೀಳುವವನಿಗೆ ಆಯಾ ಊರಿನ ಬಡ್ಡಿ ಸಾಹುಕಾರನ ನಡಿಗೆಯಿದೆ ಎಂದು ನಗಿಸಿದರು. ಹಳ್ಳಿಗಳಲ್ಲಿ ಅವರನ್ನು ಮೈಕ್ ಸಾಹೇಬ್ರು ಎಂದು ಕರೆಯುತ್ತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೂ ದಾವಣಗೆರೆಯ ಸಂತೆಯಲ್ಲಿ ಯಾರಾದರೂ ಮುದುಕರು ಅವರ ದನಿ ಕೇಳಿ ತಿರುಗಿ ನೋಡುವುದುಂಟು.

ಈಗ ಅವರಿಗೆ ಎಪ್ಪತ್ತೇಳು. ನಿಜಲಿಂಗಪ್ಪ ಬಡಾವಣೆಯಲ್ಲಿ ಮಗ ಬಕ್ಕೇಶನ ಮನೆಯಲ್ಲಿ, ಹೆಂಡತಿ ಕಸ್ತೂರಮ್ಮನ ಜೊತೆ ಇದ್ದಾರೆ. ಬಕ್ಕೇಶನ ಮಗಳು ರಶ್ಮಿತಾ ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಿನಿಮಾ ಕೂಟವೊಂದನ್ನು ನಡೆಸುತ್ತಾಳೆ. ಅವಳಿಗೆ ಆ ಹುಚ್ಚು ಹತ್ತಿಸಿದವರು ಅಜ್ಜನೇ.

ಕಳೆದ ಆಗಸ್ಟಿನಲ್ಲಿ ರಶ್ಮಿತಾ ಒಂದು ಭಾನುವಾರ ಪೂರ್ತಿ ಕಿರುಚಿತ್ರಗಳನ್ನು ತೋರಿಸುವ ಏರ್ಪಾಡು ಮಾಡಿದಳು. ತೊಂಬತ್ತು ವರ್ಷದ ಹಿಂದಿನ ಒಂದು ಮೂಕಿ ಹಾಸ್ಯದಿಂದ ಹಿಡಿದು, ಹರಿಹರದ ಸೇತುವೆಯ ಕೆಳಗೆ ಮೀನು ಹಿಡಿಯುವವನ ಬಗ್ಗೆ ಅವಳ ವಿದ್ಯಾರ್ಥಿಗಳು ಮೊಬೈಲಿನಲ್ಲಿ ತೆಗೆದ ಸಾಕ್ಷ್ಯಚಿತ್ರದವರೆಗೆ ಒಟ್ಟು ಒಂಬತ್ತು. ನಾಲ್ಕು ಅಜ್ಜನ ವ್ಯಾನಿನ ಕಾಲದವು. ಅವನ್ನು ಹಳೆಯ ಚಿತ್ರಗಳನ್ನು ಕಾಪಾಡುವವರಿಂದ ಕೇಳಿ ತರಿಸಿಕೊಂಡಿದ್ದಳು. ಮಾತು ಅರ್ಥವಾಗಲಿ ಎಂದು ವಿದ್ಯಾರ್ಥಿಗಳು ಕೆಳಗೆ ಕನ್ನಡದ ಸಾಲುಗಳನ್ನು ಕೂರಿಸಿದ್ದರು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಅವಳು ಲ್ಯಾಪ್‌ಟಾಪ್ ತಂದು ಅಜ್ಜನ ಮುಂದಿಟ್ಟಳು.

"ಅಜ್ಜ, ಇದು ನಿಮ್ಮ ವ್ಯಾನಿನಾಗ ಇತ್ತೇನು ನೋಡ್ರಿ."

ಮೊದಲ ದೃಶ್ಯಕ್ಕೇ ವಾಮದೇವಪ್ಪನವರು ಗುರುತು ಹಿಡಿದರು. ಹಿಮ ಬಿದ್ದ ರಸ್ತೆ. ಉದ್ದನೆಯ ಕೋಟು ತೊಟ್ಟ ಹೆಂಗಸು ಮನೆಯ ಬಾಗಿಲು ಎಳೆದುಕೊಂಡು ತಗಡಿನ ಪೆಟ್ಟಿಗೆ ಹಿಡಿದು ಹೊರಡುತ್ತಾಳೆ. ನಾಯಿಯೊಂದು ಅವಳ ಹಿಂದೆ ಸ್ವಲ್ಪ ದೂರ ಬಂದು ನಿಲ್ಲುತ್ತದೆ. ಯುರೋಪಿನ ಯಾವುದೋ ಸಣ್ಣ ದೇಶದ ಹದಿನಾಲ್ಕು ನಿಮಿಷದ ಕಪ್ಪು ಬಿಳುಪು ಚಿತ್ರ ಅದು. ಯಾರೋ ಯಾರಿಗೋ ಕಳಿಸಿದ್ದು ಹೇಗೋ ದಾವಣಗೆರೆಯ ಕಚೇರಿಗೆ ಬಂದು ಬಿದ್ದಿತ್ತು. ಡಬ್ಬಿಯ ಮೇಲಿನ ಅಕ್ಷರ ಯಾರಿಗೂ ಓದಲು ಬಂದಿರಲಿಲ್ಲ. "ಟೈಮ್ ಉಳಿದ್ರೆ ಹಾಕ್ರಿ" ಎಂದಿದ್ದರು ಕಚೇರಿಯ ಸಾಹೇಬರು. ವಾಮದೇವಪ್ಪ ಅದನ್ನು ಅರವತ್ತು ಸಲವಾದರೂ ತೋರಿಸಿದ್ದಾರೆ. ಅದರ ಒಂದು ಮಾತೂ ಅವರಿಗೆ ತಿಳಿದಿರಲಿಲ್ಲ.

ಈಗ ಅದೇ ಹೆಂಗಸಿನ ತುಟಿ ಅಲುಗಿದಾಗ ಕೆಳಗೆ ಕನ್ನಡ ಮೂಡುತ್ತಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಅವಳ ಗಂಡ ಪಟ್ಟಣದ ಜೈಲಿನಲ್ಲಿದ್ದಾನೆ. ಅವನನ್ನು ನೋಡಲು ಬಸ್ಸು ಹತ್ತಿ ಹೊರಟಿದ್ದಾಳೆ. ಕೈಯಲ್ಲಿರುವ ಕಾಗದ ಅವನು ಬರೆದದ್ದು. ಬೇಕರಿಯಲ್ಲಿ ಅವನಿಗಾಗಿ ರೊಟ್ಟಿ ಕೊಳ್ಳುತ್ತಾಳೆ. ಕಬ್ಬಿಣದ ಗೇಟಿನ ಮುಂದೆ ಕಾವಲುಗಾರ, ನಿನ್ನ ಗಂಡನನ್ನು ಮೊನ್ನೆಯೇ ಬೇರೆ ಕಡೆ ಸಾಗಿಸಿದರು, ಎಲ್ಲಿಗೆ ಎಂದು ಹೇಳುವಂತಿಲ್ಲ ಎನ್ನುತ್ತಾನೆ. ಅವಳು ಅದೇ ಬಸ್ಸಿನಲ್ಲಿ ಊರಿಗೆ ವಾಪಸು ಬಂದು ಇಳಿಯುತ್ತಾಳೆ. ಅಲ್ಲಿಗೆ ಮುಗಿಯಿತು.

"ಹೆಂಗೈತೆ ಅಜ್ಜ?"

"ಚಲೋ ಐತೆ" ಎಂದರು. ಕನ್ನಡಕ ತೆಗೆದು ಮಡಚಿ, "ಇದೊಂದು ಬಿಟ್ಟುಬಿಡು ರಶ್ಮಿ" ಎಂದರು.

"ಯಾಕ?"

"ಒಂಬತ್ತು ಜಾಸ್ತಿ ಆಗ್ತಾವೆ. ಎಂಟು ಸಾಕು."

"ಹದಿನಾಲ್ಕೇ ನಿಮಿಷ ಅಜ್ಜ ಇದು. ಅಲ್ದೆ ಕರೆಯೋಲೆಗೆ ಇದರ ಫೋಟೋನೇ ಹಾಕೀನಿ. ಎಲ್ಲಾ ಗ್ರೂಪಿಗೂ ಹೋಗೈತೆ ಆಗ್ಲೇ."

ಮಧ್ಯಾಹ್ನ ಕಸ್ತೂರಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ವಾಮದೇವಪ್ಪ ಅವರ ಎದುರಿಗೆ ಹೋಗಿ ಕೂತು, ಮೊರದ ಒಂದು ಅಂಚಿನಿಂದ ತಾವೂ ಕಲ್ಲು ಹೆಕ್ಕತೊಡಗಿದರು. ಏನೋ ಇದೆ ಎಂದು ಕಸ್ತೂರಮ್ಮನಿಗೆ ತಿಳಿಯಿತು.

"ಕುಕ್ಕುವಾಡದಾಗ ಒಂದ್ ಸುಳ್ಳು ಹೇಳಿದ್ದೆ" ಎಂದರು ವಾಮದೇವಪ್ಪ.

ಅದು ಎಪ್ಪತ್ತೊಂಬತ್ತನೇ ಇಸವಿ. ಭತ್ತದ ಕೊಯ್ಲು ಮುಗಿದು ಹುಲ್ಲಿನ ಬಣವೆ ಒಟ್ಟಿದ್ದ ಕಾಲ. ಡ್ರೈವರ್ ಬೋರಣ್ಣನೂ ಅವರೂ ಸಂಜೆ ಹೊತ್ತಿಗೆ ವ್ಯಾನು ತಂದು ಪರದೆ ಕಟ್ಟಿದ ಮೇಲೆ, ಊರಿನ ಅಜ್ಜಪ್ಪ ಎಂಬ ರೈತ ತನ್ನ ಮನೆಗೆ ಊಟಕ್ಕೆ ಕರೆದಿದ್ದ. ಊಟಕ್ಕೆ ಕೂತಾಗ ಸೆರಗು ಮುಖದ ಮೇಲೆ ಎಳೆದುಕೊಂಡ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿಸಿದಳು. ಅಜ್ಜಪ್ಪ ಚಟ್ನಿಯನ್ನು ಮುಂದಕ್ಕೆ ಸರಿಸುತ್ತ, "ಇಕಿ ನನ್ ತಂಗಿ. ಮಕ್ಕಳಾಗಲಿಲ್ಲಂತ ಗಂಡನ ಮನಿಯೋರು ತಂದು ಬಿಟ್ಟು ಹೋದ್ರು. ಇನ್ನ ನಾವು ಇರೋ ತನಕ ನಮ್ ಮ್ಯಾಲೇ ಭಾರ" ಎಂದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಈ ಸಲ ಇಳುವರಿ ಕಡಿಮೆ ಎಂದು ಹೇಳುವ ಹಾಗೆ ಹೇಳಿದ್ದ. ವಾಮದೇವಪ್ಪನವರಿಗೆ ಕಂಡದ್ದು ಆ ಹೆಣ್ಣುಮಗಳ ಕೈ ಮಾತ್ರ. ರೊಟ್ಟಿ ಹಿಡಿದ ಆ ಕೈ ಒಂದು ಗಳಿಗೆ ತಟ್ಟೆಯ ಮೇಲೆ ನಿಂತು, ಆಮೇಲೆ ರೊಟ್ಟಿಯನ್ನು ಮೆಲ್ಲಗೆ ಇಳಿಸಿತ್ತು.

ಆವತ್ತು ಕೊನೆಯ ರೀಲಾಗಿ ಹಿಮದ ಹೆಂಗಸಿನದು ಹಾಕಿದರು. ಅದಕ್ಕೆ ಅವರು ಒಂದೊಂದು ಊರಿನಲ್ಲಿ ಒಂದೊಂದು ಕಥೆ ಹೇಳುತ್ತಿದ್ದರು. ಒಂದು ಕಡೆ ತಂಗಿಯ ಬಾಣಂತನಕ್ಕೆ ಹೊರಟವಳು, ಇನ್ನೊಂದು ಕಡೆ ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವಳು. ಆವತ್ತು ಮೈಕು ಹಿಡಿದಾಗ ಬಾಯಿಗೆ ಬೇರೆಯೇ ಬಂತು. ಈಕೆಯನ್ನು ಗಂಡನ ಮನೆಯವರು ಬ್ಯಾಡ ಅಂದರು. ತವರಿನವರು ಭಾರ ಅಂದರು. ಈಕೆ ಯಾರ ಮೇಲೂ ಸಿಟ್ಟಾಗಲಿಲ್ಲ. ತನ್ನ ಪೆಟ್ಟಿಗೆ ತಾನು ತಗೊಂಡು ಪಟ್ಟಣಕ್ಕೆ ಕೆಲಸ ಕೇಳಲು ಹೊರಟಿದ್ದಾಳೆ. ಕೈಯಲ್ಲಿರುವ ಕಾಗದದಲ್ಲಿ ಬೇಕರಿಯ ವಿಳಾಸ ಐತೆ. ನೋಡ್ರಿ, ಬೇಕರಿಯವನು ಕೆಲಸಕ್ಕೆ ಸೇರಿಸಿಕೊಂಡ. ನೋಡ್ರಿ, ಇದು ಹಿಟ್ಟಿನ ಗಿರಣಿಯ ಗೇಟು, ಹಿಟ್ಟು ತರಾಕೆ ಬಂದಾಳೆ. ಈಗ ಒಂದು ವರ್ಷ ಕಳೀತು. ಊರಿಗೆ ಬಂದು ಬಸ್ಸಿನಿಂದ ಇಳಿತಿದಾಳೆ. ತಲಿ ಎತ್ತಿಕೊಂಡು ಇಳಿತಿದಾಳೆ.

ಊರಿನ ಹಿರಿಯರೊಬ್ಬರು ಕಚೇರಿಗೆ ದೂರು ಬರೆದರು, ವ್ಯಾನಿನವರು ಹೆಣ್ಣುಮಕ್ಕಳಿಗೆ ಮನೆ ಬಿಡಲು ಹೇಳಿಕೊಡುತ್ತಾರೆ ಅಂತ. ಸಾಹೇಬರು ಕರೆದು, "ರೀಲಿನಾಗ ಇಲ್ಲದ್ದು ಹೇಳಬ್ಯಾಡ್ರಿ" ಎಂದರು. ರೀಲಿನಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ವಾಮದೇವಪ್ಪ ಆ ಚಿತ್ರಕ್ಕೆ ಬಾಣಂತನದ ಕಥೆಯನ್ನಷ್ಟೇ ಇಟ್ಟುಕೊಂಡರು. ಕುಕ್ಕುವಾಡದ ಆ ಹೆಣ್ಣುಮಗಳು ಆ ಸಂಜೆ ಬಯಲಿಗೆ ಬಂದಿದ್ದಳೋ ಇಲ್ಲವೋ, ಮುಂದೆ ಅವಳು ಏನಾದಳೋ ಅವರಿಗೆ ಯಾವತ್ತೂ ತಿಳಿಯಲಿಲ್ಲ.

ಕಸ್ತೂರಮ್ಮ ಎಲ್ಲ ಕೇಳಿ ಮೊರ ಕೊಡವಿದರು. "ನಲವತ್ತೈದು ವರ್ಷದ ಮಾತು. ಯಾರು ನೆನಪಿಟ್ಟಿರ್ತಾರೆ ಬಿಡ್ರಿ. ನನಗೂ ಬರೋ ಆಸೆ ಇತ್ತು, ಆದ್ರೆ ಕಾಲೇಜಿನ ಎರಡನೇ ಮಾಳಿಗಿ ಅಂತಾಳೆ ರಶ್ಮಿ, ನನ್ನ ಮೊಣಕಾಲು ಒಪ್ಪಂಗಿಲ್ಲ. ನೀವ್ ಹೋಗಿ ಆರಾಮ ನೋಡಿ ಬರ್ರಿ."

ಭಾನುವಾರ ಕಾಲೇಜಿನ ಸಭಾಂಗಣದಲ್ಲಿ ನೂರು ಜನ ಸೇರಿದ್ದರು. ಅರ್ಧ ವಿದ್ಯಾರ್ಥಿಗಳು, ಉಳಿದವರಲ್ಲಿ ಬಹಳಷ್ಟು ತಲೆ ನೆರೆತವರು. ವಾಮದೇವಪ್ಪನವರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ತೊಂಬತ್ತು ವರ್ಷದ ಹಿಂದಿನ ಹಾಸ್ಯಕ್ಕೆ ಮಕ್ಕಳೂ ಮುದುಕರೂ ಒಂದೇ ಕಡೆ ನಕ್ಕರು. ಟೆಲಿಫೋನು ಹೊಸದಾಗಿ ಬಂದ ಓಣಿಯೊಂದರ ಎಂಬತ್ತರ ದಶಕದ ಹಾಸ್ಯ ಬಂತು. ಒಂದೇ ಫೋನಿಗೆ ಇಡೀ ಓಣಿ ಸಾಲು ನಿಲ್ಲುವುದು, ಗುಟ್ಟಿನ ಮಾತನ್ನು ಕೂಗಿ ಹೇಳಬೇಕಾಗುವುದು. ಹಿಂದಿನ ಸಾಲಿನಲ್ಲಿ ಯಾರೋ "ನಮ್ ಓಣಿನೂ ಹಿಂಗೇ ಇತ್ತಪ್ಪ" ಎಂದರು. ಚಾಪೆ ಹೆಣೆಯುವವರ ಸಾಕ್ಷ್ಯಚಿತ್ರ ಬಂದಾಗ ವಾಮದೇವಪ್ಪನವರ ತುಟಿ ತಾನಾಗಿಯೇ ಅಲುಗುತ್ತಿತ್ತು. ಆ ಬೆರಳುಗಳಿಗೆ ತಾವು ಹೇಳುತ್ತಿದ್ದ ಮಾತುಗಳೆಲ್ಲ ಒಂದೂ ಬಿಡದೆ ನೆನಪಿಗೆ ಬಂದವು. ಡೀಸೆಲ್ ಜನರೇಟರಿನ ಸದ್ದು, ಬೋರಣ್ಣನ ಬೀಡಿ, ಪರದೆಗೆ ಮುತ್ತುವ ಹಾತೆ ಹುಳುಗಳು. ಬೋರಣ್ಣ ಹೋಗಿ ಹನ್ನೊಂದು ವರ್ಷವಾಯಿತಲ್ಲ ಎಂದುಕೊಂಡರು.

ಆಮೇಲೆ ಹಿಮದ ರಸ್ತೆ ಬಂತು.

ನಾಯಿ ಬಂದು ನಿಂತಿತು. ಹೆಂಗಸು ಬಸ್ಸು ಹತ್ತಿದಳು. 'ಮುಂದಿನ ತಿಂಗಳು ಬಿಡಬಹುದು ಎಂದು ಬರೆದಿದ್ದಾರೆ' ಎಂಬ ಸಾಲು ಪರದೆಯ ಕೆಳಗೆ ಮೂಡಿ ಹೋಯಿತು. ಪಕ್ಕದ ಸೀಟಿನವಳು 'ಎಷ್ಟು ವರ್ಷದ ಶಿಕ್ಷೆ?' ಎಂದು ಕೇಳಿದಳು.

"ಇದು ಅದಲ್ಲ" ಎಂದಿತು ಹಿಂದಿನಿಂದ ಒಂದು ದನಿ.

ಜನ ತಿರುಗಿದರು. ನಾಲ್ಕನೇ ಸಾಲಿನಲ್ಲಿ ಹಸಿರು ಸೀರೆಯ, ಗಟ್ಟಿ ಮೈಕಟ್ಟಿನ ವಯಸ್ಸಾದ ಹೆಂಗಸು ಎದ್ದು ನಿಂತಿದ್ದರು. ಪಕ್ಕದ ಹುಡುಗಿ ಅವರ ಸೆರಗು ಹಿಡಿದು ಕೂರಿಸಲು ಜಗ್ಗುತ್ತಿದ್ದಳು.

"ಅಕ್ಷರ ತಪ್ಪು ಹಾಕೀರಿ" ಎಂದರು ಆಕೆ. "ಜೈಲಿಲ್ಲ ಏನಿಲ್ಲ. ಆಯಮ್ಮ ಬೇಕರಿಗೆ ಕೆಲಸ ಕೇಳಾಕೆ ಹೊಂಟಾಳೆ. ನಾನ್ ನೋಡೀನಿ ಇದನ್ನ, ನಮ್ಮೂರಾಗೆ."

ವಿದ್ಯಾರ್ಥಿಗಳಲ್ಲಿ ಒಂದಿಬ್ಬರು ನಕ್ಕರು. ರಶ್ಮಿತಾ ಚಿತ್ರ ನಿಲ್ಲಿಸಿ, "ಅಮ್ಮಾ, ನಾವು ಆ ಭಾಷೆ ಗೊತ್ತಿರೋರ ಹತ್ರನೇ ಕೇಳಿ ಹಾಕೀವಿ" ಎಂದು ಮೆತ್ತಗೆ ಹೇಳತೊಡಗಿದಳು. ಅಷ್ಟರಲ್ಲಿ ವಾಮದೇವಪ್ಪ ಕುರ್ಚಿಯ ತೋಳು ಹಿಡಿದು ಎದ್ದರು.

"ನೀವು ಕುಕ್ಕುವಾಡದೋರೇನ್ರಿ?"

ಆಕೆ ಅವರನ್ನು ನೋಡಲಿಲ್ಲ, ದನಿಯನ್ನು ಕೇಳಿದರು. ಮುಖ ಬದಲಾಯಿತು. "ಮೈಕ್ ಸಾಹೇಬ್ರು" ಎಂದರು.

"ಅಕ್ಷರ ಸರಿ ಐತೆ ತಾಯಿ" ಎಂದರು ವಾಮದೇವಪ್ಪ. "ಅವತ್ತು ನಾನ್ ಹೇಳಿದ್ದು ತಪ್ಪು. ನನಗೆ ಆ ಭಾಷಿ ಬರ್ತಿರಲಿಲ್ಲ. ಕಟ್ಟಿ ಹೇಳಿದೆ."

ಆಕೆ ಸಾಲಿನವರ ಮೊಣಕಾಲು ದಾಟಿಕೊಂಡು ಹೊರಗೆ ನಡೆದುಬಿಟ್ಟರು. ಹುಡುಗಿಯೂ ಹಿಂದೆ ಓಡಿದಳು.

ವಾಮದೇವಪ್ಪ ಮೆಟ್ಟಿಲು ಇಳಿಯುವಾಗ ಎರಡು ಸಲ ನಿಲ್ಲಬೇಕಾಯಿತು. ಆಕೆ ಕೆಳಗೆ ಕ್ಯಾಂಟೀನಿನ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿ ಚಹಾ ತರಲು ಹೋಗಿದ್ದಳು. ವಾಮದೇವಪ್ಪ ಒಂದು ಮಾರು ಬಿಟ್ಟು ಕೂತರು.

"ನಿಮ್ಮ ಹೆಸರೇನ್ರಿ ತಾಯಿ?"

"ನಾಗರತ್ನಮ್ಮ. ಹರಿಹರದಾಗ ಬೇಕರಿ ಐತೆ ನಂದು." ಆಕೆ ಅವರ ಕಡೆ ತಿರುಗದೆ ಹೇಳಿದರು. "ಆ ಹುಡುಗಿ ನಮ್ಮಣ್ಣನ ಮೊಮ್ಮಗಳು, ಸಹನಾ ಅಂತ. ಅಂಗಡಿ ಈಗ ಆಕಿನೇ ನೋಡ್ಕೊಳ್ಳೋದು. ಮೊಬೈಲಿನಾಗ ಫೋಟೋ ತೋರಿಸಿದ್ಲು. ಪೆಟಿಗಿ ಹಿಡಕೊಂಡು ನಿಂತಾಳಲ್ಲ, ಅದು. ಇನ್ನೊಂದ್ ಸಲ ಆಕಿನ್ನ ನೋಡ್ತೀನಿ ಅಂತ ಕನಸಿನಾಗೂ ಅಂದ್ಕೊಂಡಿರಲಿಲ್ಲ."

"ಅಜ್ಜಪ್ಪನವರ ತಂಗಿ ನೀವು?"

ಆಕೆ ಈಗ ತಿರುಗಿದರು. "ಹೌದು. ನಾನೇ ಅಂತ ಹೆಂಗೆ ಗೊತ್ತಾತು ನಿಮಗೆ?"

ವಾಮದೇವಪ್ಪ ಹೇಳಿದರು. ಆ ಸಂಜೆಯ ಊಟ, ಅಜ್ಜಪ್ಪ ಆಡಿದ ಮಾತು, ತಟ್ಟೆಯ ಮೇಲೆ ನಿಂತ ಕೈ. "ಆ ಕೈ ನೋಡಿ ಸುಮ್ಮನಿರಾಕೆ ಆಗಲಿಲ್ಲ. ಅದಕ್ಕ ಹಂಗ ಹೇಳಿದೆ" ಎಂದರು.

ನಾಗರತ್ನಮ್ಮನಿಗೆ ಇದು ಸಮಾಧಾನ ತರುತ್ತದೆ ಎಂದು ಅವರು ಎಣಿಸಿದ್ದರೆ ಅದು ತಪ್ಪಾಯಿತು. ಆಕೆಯ ಮುಖ ಇನ್ನಷ್ಟು ಬಿಗಿಯಾಯಿತು.

"ಅಂದ್ರೆ ನನ್ನ ನೋಡಿ ಅಯ್ಯೋ ಪಾಪ ಅಂತ ಹೇಳಿದ್ರಿ."

"ಹಂಗಲ್ಲ..."

"ಹಂಗೇ ಸಾಹೇಬ್ರ. ನಾನು ಪರದಿ ಹಿಂದ್ಗಡೆ ಕೂತಿದ್ದೆ, ಯಾರ ಕಣ್ಣಿಗೂ ಬೀಳಬಾರದು ಅಂತ. ನೀವು ಹೇಳಿದ್ದು ಒಂದೊಂದು ಮಾತೂ ನಿಜ ಅಂದ್ಕೊಂಡೆ. ಸರ್ಕಾರದ ವ್ಯಾನು, ಸುಳ್ಳು ಹೇಳ್ತಾರೇನು ಅಂದ್ಕೊಂಡೆ. ಎಲ್ಲೋ ಒಂದು ದೇಶದಾಗ ನನ್ನಂಗೆ ಒಬ್ಬಾಕಿ ಇದ್ಲು, ಮನಿ ಬಿಟ್ಟು ಹೋದ್ಲು, ಸಾಯಲಿಲ್ಲ, ಬದುಕಿದ್ಲು. ಅದೊಂದೇ ನನಗಿದ್ದ ಧೈರ್ಯ. ಮೂರನೇ ದಿನ ನಸುಕಿನಾಗ ಎದ್ದು ರಸ್ತಿಗೆ ನಡದು ಮಲೆಬೆನ್ನೂರಿನ ಬಸ್ಸು ಹತ್ತಿದೆ. ಬೇಕರಿ ಅಂದ್ರೆ ಏನು ಅಂತಾನೂ ನನಗೆ ಗೊತ್ತಿರಲಿಲ್ಲ. ಬನ್ನಿನ ವಾಸನಿ ಹಿಡಕೊಂಡು ಹೋದೆ."

ಸಹನಾ ಮೂರು ಲೋಟ ಚಹಾ ತಂದು ಕಟ್ಟೆಯ ಮೇಲಿಟ್ಟು, ಅತ್ತಜ್ಜಿಯ ಮುಖ ನೋಡಿ ದೂರ ಸರಿದು ನಿಂತಳು. ನಾಗರತ್ನಮ್ಮ ಮುಂದುವರಿಸಿದರು. ಬೇಕರಿಯಲ್ಲಿದ್ದ ಗಂಡಸರು ನಕ್ಕಿದ್ದು, ಒಳಗಿಂದ ಮಾಲೀಕರ ಹೆಂಡತಿ ಸುಗ್ರಾಬಿ ಬಂದು ತಲೆಯಿಂದ ಕಾಲಿನವರೆಗೆ ನೋಡಿ ಹಿತ್ತಲಿಗೆ ಕರೆದೊಯ್ದು ಒಂದು ರಾಶಿ ತಗಡಿನ ಟ್ರೇ ತೋರಿಸಿದ್ದು, ಸಂಜೆಯ ತನಕ ಬೂದಿ ಹಚ್ಚಿ ತಿಕ್ಕಿದ್ದು. ಊರಿನಿಂದ ಅಜ್ಜಪ್ಪ ಬಂದು ಜಗಳ ಮಾಡಿದ್ದ. ಸುಗ್ರಾಬಿ ಅವನಿಗೆ ಒಂದು ಪೊಟ್ಟಣ ರಸ್ಕು ಕೊಟ್ಟು ವಾಪಸು ಕಳಿಸಿದ್ದರು. ಹನ್ನೆರಡು ವರ್ಷ ಅಲ್ಲೇ. ಟ್ರೇ ತಿಕ್ಕುವುದರಿಂದ ಹಿಟ್ಟು ನಾದುವುದಕ್ಕೆ, ನಾದುವುದರಿಂದ ಒಲೆ ನೋಡಿಕೊಳ್ಳುವುದಕ್ಕೆ. ಆಮೇಲೆ ಹರಿಹರದಲ್ಲಿ ತನ್ನದೇ ಒಂದು ಸಣ್ಣ ಒಲೆ.

"ಸುಳ್ಳು ಅಂತ ಅವತ್ತೇ ಗೊತ್ತಾಗಿದ್ರೆ ಹೋಗ್ತಿದ್ನೇನು ನಾನು? ಹೇಳ್ರಿ" ಎಂದರು.

ಮೇಲಿನಿಂದ ಜನ ಗೊಳ್ಳೆಂದು ನಗುವುದು ಕೇಳಿಸಿತು. ಇನ್ಯಾವುದೋ ಹಾಸ್ಯ ಹಾಕಿರಬೇಕು.

"ಹೋಗ್ತಿರಲಿಲ್ಲ ಅನ್ಸುತ್ತೆ" ಎಂದರು ವಾಮದೇವಪ್ಪ. "ಎಲ್ಲೂ ಯಾರೂ ಹಂಗ ಹೋಗಿರಲಿಲ್ಲ ತಾಯಿ. ನಾನು ಕೇಳಿರಲಿಲ್ಲ, ನೋಡಿರಲಿಲ್ಲ."

ನಾಗರತ್ನಮ್ಮ ಚಹಾದ ಲೋಟ ಕೈಗೆತ್ತಿಕೊಂಡರು. ಕುಡಿಯದೆ ಹಿಡಿದು ಕೂತರು. ಕಟ್ಟೆಯ ಮೇಲೆ ಬೇವಿನ ಎಲೆ ಉದುರಿ ಬಿದ್ದಿತ್ತು. ಒಂದನ್ನು ಕಾಲಿನಿಂದ ಸರಿಸಿದರು, ಇನ್ನೊಂದನ್ನು ಸರಿಸಿದರು.

"ಹಂಗಾದ್ರೆ ನಾನೇ ಮೊದಲು ಹೋದೋಳು ಅಂದಂಗಾತು" ಎಂದರು.

ಮತ್ತೆ ಹೇಳಿದರು, ಈ ಸಲ ತಮಗೆ ತಾವೇ ಹೇಳಿಕೊಂಡ ಹಾಗೆ. "ಇಷ್ಟು ವರ್ಷ ಆಕಿ ಹಿಂದೆ ಹಿಂದೆ ಹೋಗ್ತಿದೀನಿ ಅಂದ್ಕೊಂಡಿದ್ದೆ. ಹಿಟ್ಟು ಕೆಟ್ರೆ, ಮಳಿಗಾಲದಾಗ ಒಲಿ ಹತ್ತದಿದ್ರೆ, ಆಕಿ ಏನ್ ಮಾಡಿರ್ತಿದ್ಲು ಅಂತ ಕೇಳ್ಕೊಂತಿದ್ದೆ. ಕೊನಿಗೆ ಬಸ್ಸಿಳಿಯುವಾಗ ಆಕಿ ಮೈಮ್ಯಾಲೆ ಅದೇ ಕೋಟು ಇರ್ತಿತ್ತಲ್ಲ, ನೆನಪೈತೇನು? ವರ್ಷ ಕಳೆದ್ರೂ ಹೊಸದು ತಗೊಂಡಿಲ್ಲ, ಉಳಿಸಾಕೆ ಹತ್ಯಾಳೆ ಅಂದ್ಕೊಂಡು ನಾನೂ ಎರಡೇ ಸೀರಿಯಾಗ ವರ್ಷ ಕಳದೆ."

ವಾಮದೇವಪ್ಪನವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಗಂಡ ಸಿಗಲಿಲ್ಲಂತ ಅದೇ ದಿನ ವಾಪಸು ಬಂದಿದ್ಲಂತೆ ತಾಯಿ ಆಕಿ. ಅದಕ್ಕ ಅದೇ ಕೋಟು" ಎಂದರು. ಆಗ ನಾಗರತ್ನಮ್ಮನೂ ನಕ್ಕರು. ನಕ್ಕ ಮೇಲೆ ಚಹಾ ಕುಡಿದರು. ತಣ್ಣಗಾಗಿದೆ ಎಂದು ಸಹನಾ ಬೇರೆ ತರಲು ಹೋದರೆ ಬೇಡವೆಂದರು.

ಅವರು ಮೂವರೂ ಮೇಲೆ ಬಂದಾಗ ಊಟಕ್ಕೆ ಬಿಡುವ ಹೊತ್ತು. ರಶ್ಮಿತಾ ಅಜ್ಜನ ಹತ್ತಿರ ಬಂದು ಏನಾಯಿತೆಂದು ಕೇಳಿ ತಿಳಿದುಕೊಂಡಳು. ಆಮೇಲೆ, "ಅಕ್ಷರ ತೆಗೆದು, ಸೌಂಡ್ ಬಂದ್ ಮಾಡಿ ಇನ್ನೊಂದ್ ಸಲ ಹಾಕ್ತೀನಿ. ನೀವು ಕುಕ್ಕುವಾಡದಾಗ ಹೇಳಿದಂಗೆ ಹೇಳ್ರಿ ಅಜ್ಜ. ಎಲ್ಲಾರೂ ಕೇಳ್ಲಿ" ಎಂದಳು.

"ಇಲ್ಲವ್ವ" ಎಂದರು ವಾಮದೇವಪ್ಪ. "ಅದು ಅವತ್ತಿಗೆ ಆತು."

"ಕೊಡು ಇಲ್ಲಿ" ಎಂದು ನಾಗರತ್ನಮ್ಮ ರಶ್ಮಿತಾಳ ಕೈಯಿಂದ ಮೈಕು ತೆಗೆದುಕೊಂಡರು.

ವಾಮದೇವಪ್ಪ ಜನರ ನಡುವೆ ಹೋಗಿ ಕೂತರು. ಆ ಚಿತ್ರವನ್ನು ಅವರು ಯಾವತ್ತೂ ಸುಮ್ಮನೆ ಕೂತು, ಇನ್ನೊಬ್ಬರ ಬಾಯಲ್ಲಿ ಕೇಳುತ್ತ ನೋಡಿದ್ದಿಲ್ಲ. ನಾಗರತ್ನಮ್ಮ ಮೈಕನ್ನು ತುಟಿಗೆ ಒತ್ತಿ ಹಿಡಿದದ್ದರಿಂದ ಮೊದಲು ಕಿರ್ ಎಂದಿತು. ಒಬ್ಬ ವಿದ್ಯಾರ್ಥಿ ಬಂದು ಸ್ವಲ್ಪ ದೂರ ಹಿಡಿಯಲು ತೋರಿಸಿಕೊಟ್ಟ.

"ಈಕಿ ಮನಿಯಿಂದ ಹೊಂಟಾಳೆ" ಎಂದು ಶುರು ಮಾಡಿದರು. "ನಾಯಿ ಬಂದೈತೆ ನೋಡ್ರಿ. ನನ್ ಹಿಂದೆ ನಾಯಿನೂ ಬರಲಿಲ್ಲ. ಬಸ್ಸಿನಾಗ ಕೂತಾಳೆ. ಕೂತಿದ್ದ ಹೊತ್ತು ಭಾಳ ಕಷ್ಟ ಇರ್ತೈತೆ, ಇಳಿದ ಮ್ಯಾಲೆ ಅಷ್ಟಿಲ್ಲ. ಇದು ಬೇಕರಿ. ಇಲ್ಲಿ ಗಂಡಸರು ನಗ್ತಾರೆ. ಇದರಾಗ ನಗೋದು ತೋರಿಸಿಲ್ಲ, ಖರೇ ಅಂದ್ರೆ ನಗ್ತಾರೆ. ಒಳಗಡೆಯಿಂದ ಒಬ್ಬ ಹೆಣ್ಣುಮಗಳು ಬರಬೇಕು. ಇದರಾಗ ಬರಂಗಿಲ್ಲ. ಆಕಿ ಬರದಿದ್ರೆ ಕತಿ ಅಲ್ಲಿಗೇ ಮುಗೀತು ಅನ್ರಿ."

ಕಬ್ಬಿಣದ ಗೇಟು ಬಂತು.

"ಇದನ್ನ ಸಾಹೇಬ್ರು ಹಿಟ್ಟಿನ ಗಿರಣಿ ಅಂದಿದ್ರು. ಇವತ್ತು ನೋಡಿದ್ರೆ ಜೈಲು ಅಂತೆ. ಆಕಿ ಗಂಡನ್ನ ನೋಡಾಕೆ ಬಂದಿದ್ಲಂತೆ, ಆತ ಸಿಗಲಿಲ್ಲಂತೆ. ಪಾಪ. ಅಷ್ಟು ಥಂಡಿಯಾಗ ಬಂದು ಸಿಗಲಿಲ್ಲ ಅಂದ್ರೆ ಹೆಂಗಾಗಿರಬೇಕು." ಹೆಂಗಸು ಗೇಟಿನ ಮುಂದೆ ನಿಂತಷ್ಟು ಹೊತ್ತೂ ಅವರು ಏನೂ ಹೇಳಲಿಲ್ಲ. ಬಸ್ಸು ಊರಿಗೆ ಬಂದು ನಿಂತಾಗ, "ಇಳಿದ್ಲು" ಎಂದಷ್ಟೇ ಹೇಳಿ ಮೈಕು ಕೆಳಗಿಟ್ಟರು.

ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಎದ್ದು ಬಂದು ನಾಗರತ್ನಮ್ಮನ ಸುತ್ತ ನಿಂತರು. ಬೇಕರಿ ಹರಿಹರದಲ್ಲಿ ಯಾವ ಕಡೆ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ ಎಂದು ಕೇಳಿದರು. ವಾಮದೇವಪ್ಪ ಕುರ್ಚಿಯಿಂದ ಏಳಲಿಲ್ಲ. ರಶ್ಮಿತಾ ಬಂದು ಊಟಕ್ಕೆ ಕರೆದಾಗ, "'ಬೇಕರಿಯವನು ಕೆಲಸಕ್ಕ ಸೇರಿಸಿಕೊಂಡ' ಅಂತ ನಾನು ಒಂದೇ ಮಾತಿನಾಗ ಮುಗಿಸಿಬಿಟ್ಟಿದ್ದೆ ನೋಡು" ಎಂದರು.

ಎರಡು ವಾರ ಕಳೆದು ಒಂದು ಬುಧವಾರ ನಾಗರತ್ನಮ್ಮ ಫೋನು ಮಾಡಿ, ಸುಗ್ರಾಬಿ ಇನ್ನೂ ಇದ್ದಾರೆ, ತೊಂಬತ್ತು ಹತ್ತಿರ ಬಂತು, ನೋಡಿ ಬರೋಣ ಬರ್ರಿ ಎಂದರು. ವಾಮದೇವಪ್ಪ ಹೊರಟರು. ಮೆಟ್ಟಿಲಿಲ್ಲದ ನೆಲಮನೆ ಅಂದದ್ದಕ್ಕೆ ಕಸ್ತೂರಮ್ಮನೂ ಹೊರಟರು. ರಶ್ಮಿತಾ ಕಾರಿನಲ್ಲಿ ಹರಿಹರಕ್ಕೆ ಹೋಗಿ ನಾಗರತ್ನಮ್ಮನನ್ನು ಕೂರಿಸಿಕೊಂಡು ಎಲ್ಲರನ್ನೂ ಮಲೆಬೆನ್ನೂರಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ಮುಗಿದು ಹಸಿರು ಏರುತ್ತಿತ್ತು. ಹಿಂದಿನ ಸೀಟಿನಲ್ಲಿ ಕಸ್ತೂರಮ್ಮನೂ ನಾಗರತ್ನಮ್ಮನೂ ಮೊಣಕಾಲಿನ ಎಣ್ಣೆಯ ವಿಷಯ ಮಾತಾಡಿದರು.

ಬೇಕರಿಯನ್ನು ಈಗ ಸುಗ್ರಾಬಿಯ ಮಗ ತಾರಿಕ್ ನಡೆಸುತ್ತಿದ್ದ. ಹಿಂದಿನ ಮನೆಯಲ್ಲಿ ಸುಗ್ರಾಬಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು. ನಾಗರತ್ನಮ್ಮ ಅವರ ಕಾಲ ಬಳಿ ಕೂತು ಮೈಕ್ ಸಾಹೇಬರ ಪರಿಚಯ ಹೇಳಿ, ಹಿಮದ ಹೆಂಗಸಿನ ಸಿನಿಮಾದ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಇಷ್ಟು ವರ್ಷದಲ್ಲಿ ಯಾವತ್ತೂ ಹೇಳಿರಲಿಲ್ಲವಂತೆ, ಯಾಕೆ ಆ ದಿನ ಆ ಬಾಗಿಲಿಗೇ ಬಂದೆ ಎಂದು.

ಸುಗ್ರಾಬಿ ತಲೆದೂಗಿ ಕೇಳಿದರು. "ಸಿನಿಮಾ ನೋಡಿ ಬಂದೀಯಾ ನೀನು?" ಎಂದರು. "ನಾನು ಹಸಿವಾಗಿ ಬಂದಾಳೆ ಅಂದ್ಕೊಂಡಿದ್ದೆ ಬೇಟಿ."

"ಅದಕ್ಕ ಇಟ್ಕೊಂಡ್ರೇನು ನನ್ನ?"

"ಇಲ್ಲ. ಆ ದಿನ ಟ್ರೇ ತೊಳೆಯೋನು ಬಂದಿರಲಿಲ್ಲ. ಯಾರು ಬಂದಿದ್ರೂ ಇಟ್ಕೊಂತಿದ್ದೆ."

ನಾಗರತ್ನಮ್ಮ ಅವರ ಮೊಣಕಾಲ ಮೇಲೆ ಹಣೆಯಿಟ್ಟು ನಗತೊಡಗಿದರು. ಸುಗ್ರಾಬಿ ಆಕೆಯ ತಲೆಯ ಮೇಲೆ ಕೈಯಿಟ್ಟರು. "ಮಾರನೇ ದಿನ ಆ ಟ್ರೇ ತೊಳೆಯೋನು ಬಂದ" ಎಂದರು, ವಾಮದೇವಪ್ಪನವರು ಕೂತಿದ್ದ ಕಡೆಗೆ ಮುಖ ತಿರುಗಿಸಿ. "ನಾನೇ ಬ್ಯಾಡ ಅಂದೆ. ಇವಳು ತಿಕ್ಕಿದ್ದ ಟ್ರೇ ನೋಡಿದ್ದೆ ಅಲ್ಲ."

ತಾರಿಕ್ ಒಳಗಿಂದ ಬಿಸಿ ಬನ್ನು, ಚಹಾ ತಂದಿಟ್ಟ. ಕಸ್ತೂರಮ್ಮ ಬನ್ನನ್ನು ಮುರಿದು ಅರ್ಧ ಗಂಡನಿಗೆ ಕೊಟ್ಟರು. ಅಷ್ಟರಲ್ಲಿ ಸುಗ್ರಾಬಿ, ಅಜ್ಜಪ್ಪ ಜಗಳಕ್ಕೆ ಬಂದ ದಿನದ ಮಾತು ತೆಗೆದರು. ಅವನು ಆವತ್ತು ರಸ್ಕು ಒಯ್ದವನು, ಮುಂದಿನ ವಾರ ತಂಗಿಯನ್ನು ನೋಡುವ ನೆಪದಲ್ಲಿ ಮತ್ತೆ ಬಂದು ಇನ್ನೆರಡು ಪೊಟ್ಟಣ ಕೇಳಿ ಒಯ್ದಿದ್ದನಂತೆ. ಆ ಪೊಟ್ಟಣಗಳ ವಿಷಯ ನಾಗರತ್ನಮ್ಮನಿಗೇ ಗೊತ್ತಿರಲಿಲ್ಲ. ಸಂಜೆಯ ತನಕ ಅವರು ಅಲ್ಲೇ ಕೂತಿದ್ದರು.